ಕಲಿಸುವವರಿಗಿಂತ ಕಲಿಯುವವರ ಸಂಬಳ ಹೆಚ್ಚು: ಏನು ಉತ್ತರ ಕೊಡಲಿ?

ಪ್ರಶ್ನೆ: ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಎಚ್‌ಆರ್ ಮತ್ತು ಸಂಬಳದ ಲೆಕ್ಕ ಎರಡೂ ನನ್ನ ಮೇಲಿವೆ. 11 ವರ್ಷದಿಂದ ಇರುವ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್ ಒಬ್ಬರ ಗ್ರಾಸ್ (ಕಡಿತಕ್ಕೆ ಮುಂಚಿನ ಸಂಬಳ) 24,500 ರೂಪಾಯಿ. ಹೋದ ತಿಂಗಳು ಅದೇ ಕೆಲಸಕ್ಕೆ ಸೇರಿದ ಹುಡುಗನಿಗೆ 29,000 ಎಂಬ ಸುದ್ದಿ ಹಬ್ಬಿದೆ. ‘ಮೇಡಂ, ನಾನೇ ಕಲಿಸ್ತಿರೋ ಹುಡುಗನಿಗೆ ನನಗಿಂತ ಜಾಸ್ತಿನಾ?’ ಎಂದು ಆ ಅಣ್ಣ ಕೇಳಿದರು. ಸಂಬಳದ ಮಾತು ಆಡಬಾರದೆಂದು ನೋಟಿಸ್ ಹಾಕಿ, ಸಿಟಿಸಿ (ಒಬ್ಬರಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಲೆಕ್ಕ ತೋರಿಸಿ ಸುಮ್ಮನಾಗಿಸಿ ಎನ್ನುತ್ತಾರೆ ಮಾಲೀಕರು. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲಿಗೆ, ಆ ನೋಟಿಸ್ ಹಾಕಬೇಡಿ. ಹಾಕಿದರೆ ಮಾತು ನಿಲ್ಲುವುದಿಲ್ಲ, ನಿಮ್ಮ ಕಿವಿಗೆ ಬೀಳುವುದು ಮಾತ್ರ ನಿಲ್ಲುತ್ತದೆ. ಯಾರು ಹೇಳಿದರು ಎಂದು ವಿಚಾರಿಸುವುದೂ ಬೇಡ. ಅವರು ನಿಮ್ಮ ಬಳಿ ಬಂದು ಕೇಳಿದ್ದಾರೆ, ರಾಜೀನಾಮೆ ಪತ್ರ ಹಿಡಿದು ಬಂದಿಲ್ಲ. ಇವತ್ತೇ ಅವರನ್ನು ಒಳಗೆ ಕೂರಿಸಿ, ‘ನೀವು ಕೇಳಿದ್ದು ಸರಿ. ಲೆಕ್ಕ ನೋಡಿ ಮುಂದಿನ ಶುಕ್ರವಾರ ಉತ್ತರ ಹೇಳುತ್ತೇನೆ’ ಎನ್ನಿ. ಆ ಶುಕ್ರವಾರ ತಪ್ಪಿಸಬೇಡಿ.

ಈಗ ಲೆಕ್ಕ. ಹುಡುಗನ 29,000 ಬಹುಶಃ ಆಫರ್ ಲೆಟರಿನ ಸಿಟಿಸಿ ಇರಬೇಕು. ಅವನ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 16,000 ಎಂದಿಟ್ಟುಕೊಳ್ಳೋಣ. 15,000ದ ಮಿತಿಗೆ ಕಂಪನಿ ಕಟ್ಟುವ ಪಿಎಫ್ (ಭವಿಷ್ಯನಿಧಿ) ಶೇ. 12, ಅಂದರೆ 1,800. ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸರ್ವಿಸ್ ಲೆಕ್ಕದಲ್ಲಿ ಸಿಗುವ ಹಣ) ಶೇ. 4.81ರಂತೆ 770. ಇವೆರಡನ್ನು ಕಳೆದರೆ ಗ್ರಾಸ್ 26,430. ಅವನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ ಕೈಗೆ 24,430. ಹಳಬರ ಬೇಸಿಕ್ 15,000 ಇದ್ದರೆ ಪಿಎಫ್ ಕಳೆದು ಅವರ ಕೈಗೆ 22,700. ಗ್ರಾಸ್ 25,000 ಮುಟ್ಟದ ಕಾರಣ ವೃತ್ತಿ ತೆರಿಗೆ ಇಲ್ಲ. ಬೋನಸ್ ನಿಯಮ ಇಬ್ಬರಿಗೂ ಒಂದೇ ಎಂದು ಇದರಲ್ಲಿ ಸೇರಿಸಿಲ್ಲ. ನಿಮ್ಮ ರಿಜಿಸ್ಟರಿನ ನಿಜವಾದ ಅಂಕಿ ಹಾಕಿ ಇದೇ ರೀತಿ ಬಿಡಿಸಿ.

ಅಂದರೆ ಶಾಪ್ ಫ್ಲೋರಿನಲ್ಲಿ 4,500 ಎಂದು ಓಡಾಡುತ್ತಿರುವ ಅಂತರ ಗ್ರಾಸಿನಲ್ಲಿ 1,930. ಮಾಲೀಕರು ಹೇಳಿದಂತೆ ಮಾಡಿದರೆ ಇಲ್ಲಿಗೇ ನಿಲ್ಲಿಸಿ, ‘ನೋಡಿ, ಅಷ್ಟೇನೂ ಇಲ್ಲ’ ಎಂದು ಕಳಿಸಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಸಿಟಿಸಿ ಲೆಕ್ಕ 2,570 ರೂಪಾಯಿಯ ತಪ್ಪು ತಿಳಿವಳಿಕೆಯನ್ನು ಸರಿಮಾಡುತ್ತದೆ, ಉಳಿದ 1,930ಕ್ಕೆ ಅದರಲ್ಲಿ ಉತ್ತರವಿಲ್ಲ. 11 ವರ್ಷ ದುಡಿದವರಿಗೆ ಆ ವ್ಯತ್ಯಾಸ ನಿಮಗಿಂತ ಚೆನ್ನಾಗಿ ಗೊತ್ತಾಗುತ್ತದೆ, ಒಮ್ಮೆ ಹಾಗೆ ಕಳಿಸಿದರೆ ಮುಂದೆ ನೀವು ಹೇಳುವ ಯಾವ ಲೆಕ್ಕವನ್ನೂ ಅವರು ನಂಬುವುದಿಲ್ಲ.

ಈ ಅಂತರ ಹುಟ್ಟಿದ್ದಕ್ಕೆ ಯಾರ ಕೆಟ್ಟ ಉದ್ದೇಶವೂ ಬೇಕಿಲ್ಲ. ಹಳಬರಿಗೆ ವರ್ಷ ವರ್ಷ ಶೇಕಡಾವಾರು ಇನ್‌ಕ್ರಿಮೆಂಟ್ ಸಿಗುತ್ತದೆ, ಹೊಸಬರಿಗೆ ಸೇರುವ ದಿನದ ಮಾರುಕಟ್ಟೆ ದರ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಯಾರದೂ ಅಲ್ಲ. ಆದ್ದರಿಂದ ಈ ವಾರ ಒಂದು ಪಟ್ಟಿ ಮಾಡಿ: ಒಂದೇ ಬಗೆಯ ಕೆಲಸ ಮಾಡುವ ಎಲ್ಲರ ಸರ್ವಿಸ್, ಬೇಸಿಕ್, ಗ್ರಾಸ್, ಓಟಿ (ಓವರ್‌ಟೈಮ್) ಬಿಟ್ಟು ಕೈಗೆ ಬರುವ ಹಣ. ಓಟಿ ಸೇರಿಸಿದರೆ ಹೆಚ್ಚು ಹೊತ್ತು ದುಡಿದವರು ಹೆಚ್ಚು ಸಂಬಳದವರಂತೆ ಕಾಣುತ್ತಾರೆ. ಸೆಟ್ಟಿಂಗ್ ಮಾಡಬಲ್ಲವರು, ಪ್ರೋಗ್ರಾಂ ತಿದ್ದಬಲ್ಲವರು, ಲೋಡಿಂಗ್ ಮಾತ್ರ ಮಾಡುವವರು ಎಂದು ಬೇರೆ ಬೇರೆ ಗುರುತು ಹಾಕಿ. ಹೊಸ ಹುಡುಗನಿಗೆ ನಿಮ್ಮಲ್ಲಿ ಯಾರಿಗೂ ಇಲ್ಲದ ಕೌಶಲ ನಿಜಕ್ಕೂ ಇದ್ದರೆ ಆ ವ್ಯತ್ಯಾಸಕ್ಕೆ ಅರ್ಥವಿದೆ. ಹಳಬರೇ ಅವನಿಗೆ ಕಲಿಸುತ್ತಿದ್ದಾರೆ ಎಂದಮೇಲೆ ಆ ಸಾಧ್ಯತೆ ಕಡಿಮೆ.

ಪಟ್ಟಿಯಲ್ಲಿ ಬಾಯಿ ಬಿಡದವರನ್ನು ಮೊದಲು ನೋಡಿ, ಅದರಲ್ಲೂ ಇನ್‌ಸ್ಪೆಕ್ಷನ್ ಮತ್ತು ಪ್ಯಾಕಿಂಗ್‌ನಲ್ಲಿರುವ ಹೆಣ್ಣುಮಕ್ಕಳನ್ನು. ಕೇಳಿದವರಿಗೆ ಮಾತ್ರ ಕೊಟ್ಟರೆ, ಕೇಳದೆ ದುಡಿಯುವವರಿಗೆ ನೀವೇ ದಂಡ ಹಾಕಿದಂತೆ. ಒಂದೇ ಅಥವಾ ಹೋಲುವ ಕೆಲಸಕ್ಕೆ ಗಂಡು ಹೆಣ್ಣೆಂದು ಸಂಬಳದಲ್ಲಿ ಭೇದ ಮಾಡುವಂತಿಲ್ಲ ಎಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು, ಈಗ ವೇತನ ಸಂಹಿತೆಯೂ ಹೇಳುತ್ತದೆ. ಸಮ ಮಾಡುವ ನೆಪದಲ್ಲಿ ಹೆಚ್ಚು ಇರುವವರದನ್ನು ಇಳಿಸುವಂತೆಯೂ ಇಲ್ಲ.

ಮಾಲೀಕರ ಬಳಿ ಹೋಗುವಾಗ ಅನ್ಯಾಯದ ಮಾತಿನ ಜೊತೆ ಎರಡು ಅಂಕಿ ಇರಲಿ. ಅಂತರ ಪೂರ್ತಿ ತುಂಬಿದರೆ ವರ್ಷಕ್ಕೆ 23,160. ಇವರು ಬಿಟ್ಟುಹೋಗಿ 29,000ಕ್ಕೆ ಬೇರೊಬ್ಬರನ್ನು ಕನ್ಸಲ್ಟೆನ್ಸಿ ಮೂಲಕ ತಂದರೆ, ಸಾಮಾನ್ಯವಾಗಿ ಕೇಳುವ ಒಂದು ತಿಂಗಳ ಸಂಬಳದ ಫೀಸೇ 29,000. ಹೊಸ ಕೈಯಲ್ಲಿ ಬರುವ ರಿಜೆಕ್ಷನ್ ಬೇರೆ. ಒಮ್ಮೆಗೇ ಆಗದಿದ್ದರೆ ಈಗ 1,000, ಆರು ತಿಂಗಳ ನಂತರ 930 ಎಂದು ತಾರೀಖು ಹಾಕಿ ಪತ್ರ ಕೊಡಿಸಿ. ಇದು ವಾರ್ಷಿಕ ಇನ್‌ಕ್ರಿಮೆಂಟ್ ಅಲ್ಲ, ಅದು ಬೇರೆ ಬರುತ್ತದೆ ಎಂದೂ ಪತ್ರದಲ್ಲಿರಲಿ.

ಏರಿಕೆಯನ್ನು ‘ಸ್ಪೆಷಲ್ ಅಲೋಯನ್ಸ್’ ಎಂದು ತೋರಿಸದೆ ಬೇಸಿಕ್‌ಗೆ ಹಾಕಿಸಿ. ಗ್ರಾಚ್ಯುಟಿ ಬೇಸಿಕ್ ಮತ್ತು ಡಿಎ ಲೆಕ್ಕದ ಕೊನೆಯ ಸಂಬಳದ 15/26 ಭಾಗವನ್ನು ಸರ್ವಿಸ್ ವರ್ಷಗಳಿಂದ ಗುಣಿಸಿ ಬರುವ ಮೊತ್ತ. ಬೇಸಿಕ್‌ಗೆ 1,000 ಸೇರಿದರೆ ಕಳೆದ 11 ವರ್ಷಕ್ಕೂ ಸೇರಿ ಸುಮಾರು 6,346 ರೂಪಾಯಿ ಹೆಚ್ಚುತ್ತದೆ. ಮಾಲೀಕರಿಗೆ ಇದನ್ನು ಮುಚ್ಚಿಡಬೇಡಿ, ಆಮೇಲೆ ಗೊತ್ತಾದರೆ ನಿಮ್ಮ ಮಾತಿನ ತೂಕ ಹೋಗುತ್ತದೆ. ಆ ಅಣ್ಣನಿಗೂ ಬಿಡಿಸಿ ಹೇಳಿ, ಸಂಬಳ ಚೀಟಿಯಲ್ಲಿ ಕಾಣದ ಹಣ ಅದು.

ಶುಕ್ರವಾರದ ಮಾತಿಗೆ ಹುಡುಗನ ಪೇ ಸ್ಲಿಪ್ ತೋರಿಸಬೇಡಿ, ಅದು ಅವನದು. ಬದಲಿಗೆ ಆ ದರ್ಜೆಯ ಕೆಲಸಕ್ಕೆ ಕಂಪನಿ ಕೊಡುವ ಕನಿಷ್ಠ, ಗರಿಷ್ಠ ಗ್ರಾಸ್ ಹೇಳಿ, ಇವರು ಅದರಲ್ಲಿ ಎಲ್ಲಿದ್ದಾರೆ, ಎಷ್ಟಕ್ಕೆ, ಯಾವ ತಿಂಗಳು ಏರುತ್ತಾರೆ ಎಂದು ಹೇಳಿ. ಮಾಲೀಕರು ಏನನ್ನೂ ಒಪ್ಪದಿದ್ದರೆ ‘ಈ ವರ್ಷ ಆಗಲಿಲ್ಲ, ನಾನು ಕೇಳಿದೆ’ ಎಂದು ನೇರವಾಗಿ ತಿಳಿಸಿ. ಆಗದ್ದನ್ನು ಆಗುತ್ತದೆ ಎನ್ನಬೇಡಿ.

ಹೆಲ್ಪರ್‌ಗಳ ವಿಷಯದಲ್ಲಿ ಒಂದು ಎಚ್ಚರ. ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಲೆಕ್ಕಕ್ಕೆ ಬರುವ ಅವರ ವೇತನ 20,600ರಿಂದ 21,400ಕ್ಕೆ ಏರಿತೆಂದರೆ ಅದರ 21,000 ಮಿತಿ ದಾಟಿತು. 800 ಸಿಕ್ಕಿತೆಂದು ಖುಷಿಪಟ್ಟ ಮನೆಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಬಾಗಿಲು ಮುಚ್ಚುವಂತಾಗಬಾರದು. ಇಎಸ್‌ಐನ ಆರು ತಿಂಗಳ ಕೊಡುಗೆ ಅವಧಿ (ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್) ಶುರುವಾದ ಮೇಲೆ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೂ ಇಎಸ್‌ಐ ಮುಂದುವರಿಯುತ್ತದೆ. ಏಪ್ರಿಲ್ 1ಕ್ಕೆ ಏರಿಸುವ ಬದಲು ಮೇ 1ಕ್ಕೆ ಏರಿಸಿದರೆ ಸೆಪ್ಟೆಂಬರ್ 30ರವರೆಗೆ ಸಮಯ ಸಿಗುತ್ತದೆ. ಅಷ್ಟರೊಳಗೆ ಹೆಂಡತಿ ಮಕ್ಕಳನ್ನೂ ಸೇರಿಸಿ ಗ್ರೂಪ್ ಮೆಡಿಕಲ್ ಪಾಲಿಸಿ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ನಡೆಯುತ್ತಿದೆಯೇ ಎಂದು ಏರಿಕೆ ಪತ್ರ ಕೊಡುವ ಮೊದಲೇ ಕೇಳಿ.