ಬೇಳೆ ಎಷ್ಟು ಬೇಯಿಸಿದರೂ ನುಣ್ಣಗಾಗುವುದಿಲ್ಲ ಏಕೆ? ಮನೆಯಲ್ಲಿ ಸರಳವಾಗಿ ತರಕಾರಿ ಹುಳಿ ಮಾಡುವುದು ಹೇಗೆ?

ಹುಣಸೆರಸವನ್ನು ಮೊದಲೇ ಹಾಕಿದರೆ ಬೇಳೆಯೂ ತರಕಾರಿಯೂ ಬೇಯಲು ಸತಾಯಿಸುತ್ತವೆ. ಜೀವಕೋಶಗಳನ್ನು ಬೆಸೆದಿಡುವ ಪೆಕ್ಟಿನ್ ಹುಳಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಕೂಡ ಇದೇ ತೊಂದರೆ ಕೊಡುತ್ತದೆ. ಕೊಳವೆಬಾವಿಯ ನೀರು ಬಳಸುವವರು ಬೇಳೆಯನ್ನು ಶುದ್ಧೀಕರಿಸಿದ ಕುಡಿಯುವ ನೀರಿನಲ್ಲಿಯೇ ಬೇಯಿಸಿ. ಹಳೆಯ ಬೇಳೆಯಾದರೆ ಅರ್ಧ ಗಂಟೆ ನೆನೆಸಿ.

ನಾಲ್ಕು ಜನರಿಗೆ ಮುಕ್ಕಾಲು ಲೋಟ ತೊಗರಿಬೇಳೆ ಸಾಕು. ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ಕುಕ್ಕರಿನಲ್ಲಿ ಮೂರ್ನಾಲ್ಕು ಸೀಟಿ ಕೂಗಿಸಿ. ಸೀಮೆಬದನೆಕಾಯಿ, ಹುರುಳಿಕಾಯಿ, ಕ್ಯಾರೆಟ್ ಬೇರೆ ಪಾತ್ರೆಯಲ್ಲಿ ಬೇಯಲಿ. ಬೇಳೆಯ ಜೊತೆ ಹಾಕಿದರೆ ಹೋಳು ಕರಗಿ ಹೋಗುತ್ತದೆ.

ಮಸಾಲೆಗೆ ಕಡಲೆಬೇಳೆ, ಕೊತ್ತಂಬರಿ ಬೀಜ ಎರಡೆರಡು ಚಮಚ, ಕಾಲು ಚಮಚ ಮೆಂತ್ಯ, ಐದಾರು ಬ್ಯಾಡಗಿ ಮೆಣಸಿನಕಾಯಿಯನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಇಲ್ಲಿ ಮೆಂತ್ಯದ ಮೇಲೆ ಕಣ್ಣಿರಲಿ. ಕೆಂಪಗಾದರೆ ಘಮ ಬರುತ್ತದೆ, ಕಪ್ಪಾಯಿತೆಂದರೆ ಇಡೀ ಹುಳಿ ಕಹಿಯಾಗುತ್ತದೆ. ಅರ್ಧ ಲೋಟ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ.

ಹೋಳು ಬೆಂದ ಮೇಲೆಯೇ ಉಪ್ಪು, ಹುಣಸೆರಸ, ಚೂರು ಬೆಲ್ಲ ಹಾಕಿ, ಹಸಿವಾಸನೆ ಹೋಗುವವರೆಗೆ ಕುದಿಸಿ. ನಂತರ ಬೇಳೆ, ರುಬ್ಬಿದ ಮಸಾಲೆ ಬೆರೆಸಿ. ಕಡಲೆಬೇಳೆ ಇರುವುದರಿಂದ ಹುಳಿ ಆರಿದಂತೆ ಗಟ್ಟಿಯಾಗುತ್ತದೆ, ಆದ್ದರಿಂದ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ. ಎಣ್ಣೆಯೂ ಆಗುತ್ತದೆ, ನನ್ನ ಮತ ಮಾತ್ರ ತುಪ್ಪಕ್ಕೆ.