ಅಲ್ಲಿ ಯಾರೂ ಊಟ ಆಯ್ತಾ ಅಂತ ಕೇಳಲ್ಲ

ನಾನು ಕಾಲೇಜು ಮಕ್ಕಳ ಕೌನ್ಸೆಲರ್. ಹೊರದೇಶಕ್ಕೆ ಓದಲು ಹೊರಟ ಮಗು, ಮನೆಯವರ ಆತಂಕ, ಈ ವರ್ಷ ಇಂಥದ್ದು ಮೂರನೆಯದು. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಸಿಗುವ ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಶಾಲಿನಿ ಅನ್ನೋಣ. ಬರೆಯುವುದಕ್ಕೆ ಅವಳೂ ಒಪ್ಪಿದ್ದಾಳೆ, ಅವಳ ಅಮ್ಮನೂ ಒಪ್ಪಿದ್ದಾರೆ.

ಮನೆ ಹಾಸನದ ಕಡೆ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್, ನಾಲ್ಕನೇ ಸೆಮಿಸ್ಟರ್. ಐದನೆಯದಕ್ಕೆ ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೆ ಎಕ್ಸ್‌ಚೇಂಜ್ ಮೇಲೆ, ಅಂದರೆ ಒಂದು ಸೆಮಿಸ್ಟರ್ ಅಲ್ಲಿ ಓದಿ ಬರಲು, ಆಯ್ಕೆಯಾಗಿದ್ದಳು. ನನ್ನ ಹತ್ತಿರ ಬಂದಿದ್ದು ರಾತ್ರಿ ನಿದ್ದೆ ಬರಲ್ಲ ಅಂತ.

ಮೊದಲ ದಿನವೇ ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಶೀಟ್ ತೋರಿಸಿದಳು. ಫೀಸು ಇಲ್ಲಿಯ ಕಾಲೇಜಿಗೇ ಕಟ್ಟಿದರೆ ಸಾಕು, ಅಲ್ಲಿ ಸೆಮಿಸ್ಟರ್ ವಂತಿಗೆ ಮಾತ್ರ. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ಅಲ್ಲಿನ ಖರ್ಚಿಗೆ ಹಣ ಇದೆ ಅಂತ ತೋರಿಸಲು ಮೊದಲೇ ತುಂಬಿಡುವ ಖಾತೆಯಲ್ಲಿ, ಆಗಿನ ನಿಯಮದಂತೆ ತಿಂಗಳಿಗೆ 992 ಯೂರೊ ಲೆಕ್ಕದಲ್ಲಿ ಆರು ತಿಂಗಳ ಹಣ. ಅದನ್ನೂ ಒಟ್ಟಿಗೆ ತೆಗೆಯಲು ಬಿಡುವುದಿಲ್ಲ, ತಿಂಗಳ ಕಂತಿನಲ್ಲೇ ಕೊಡುತ್ತಾರೆ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31. ಏಳನೇ ಸೆಮಿಸ್ಟರ್‌ನಲ್ಲಿ ಪ್ಲೇಸ್‌ಮೆಂಟ್ ಇರುತ್ತದೆ, ಆದ್ದರಿಂದ ಐದರಲ್ಲೇ ಹೋಗಬೇಕು. ಅಲ್ಲಿನ 30 ಕ್ರೆಡಿಟ್‌ಗೆ ಇಲ್ಲಿನ ಯಾವ ವಿಷಯ ಸರಿಹೊಂದುತ್ತದೆ ಎಂಬುದಕ್ಕೆ ವಿಭಾಗದ ಮುಖ್ಯಸ್ಥರ (ಎಚ್‌ಒಡಿ) ಸಹಿಯೂ ಆಗಿತ್ತು. ಈ ಸಹಿಯನ್ನು ಬಹಳ ಮಕ್ಕಳು ಮರೆಯುತ್ತಾರೆ. 'ಬಂದ್ಮೇಲೆ ನೋಡ್ಕೊಳ್ಳೋಣ' ಅಂತ ಹೋಗಿದ್ದ ಒಬ್ಬ ಹುಡುಗ ವಾಪಸ್ ಬಂದು ಜೂನಿಯರ್‌ಗಳ ಜೊತೆ ಕೂತು ಎರಡು ಪೇಪರ್ ಬರೆದ. ಬಾಯಿಮಾತು ನಂಬಬೇಡಿ, ಕಾಗದದ ಮೇಲೆ ಇಸ್ಕೊಳ್ಳಿ.

ಇಷ್ಟು ಚೊಕ್ಕ ಪ್ಲಾನ್ ಇರುವ ಹುಡುಗಿಗೆ ನಿದ್ದೆ ಯಾಕೆ ಬರುತ್ತಿಲ್ಲ?

ಎರಡನೇ ಭೇಟಿಯಲ್ಲಿ, ಏನೋ ಹೇಳುತ್ತಾ ಹೇಳುತ್ತಾ, ಕಿಟಕಿ ಕಡೆ ನೋಡಿಕೊಂಡು ಅಂದಳು: "ಮೇಡಂ, ಅಲ್ಲಿ ಯಾರೂ ಊಟ ಆಯ್ತಾ ಅಂತ ಕೇಳಲ್ಲ, ಅಲ್ವಾ?"

ಸಿಕ್ಕಿತು ಎಳೆ ಅಂದುಕೊಂಡೆ. ಮನೆ ಬಿಟ್ಟಿರುವ ಭಯ. ಹತ್ತು ನಿಮಿಷ ಸಮಾಧಾನ ಮಾಡಿದೆ. ಇಂಡಿಯನ್ ಅಂಗಡಿ ಇರುತ್ತವೆ, ಸಣ್ಣ ಕುಕ್ಕರ್ ಇಟ್ಕೊ, ಸಾರಿನ ಪುಡಿ ತಗೊಂಡು ಹೋಗು, ಒಂದೆರಡು ವಾರ ಕಷ್ಟ, ಆಮೇಲೆ ಅಭ್ಯಾಸ ಆಗುತ್ತೆ ಅಂತೆಲ್ಲ. ಪಾಪ, ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ಅಯ್ಯೋ ಅದಲ್ಲ ಮೇಡಂ. ಅದಕ್ಕೇ ಹೋಗ್ತಿರೋದು ನಾನು."

ಇಪ್ಪತ್ತು ವರ್ಷದ ಅನುಭವ ಇಟ್ಟುಕೊಂಡು ಮಾತನ್ನು ಪೂರ್ತಿ ತಲೆಕೆಳಗಾಗಿ ಕೇಳಿಸಿಕೊಂಡಿದ್ದೆ.

ಅಮ್ಮ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದೂವರೆಗೆ, ರಾತ್ರಿ ಒಂಬತ್ತಕ್ಕೆ. ಎತ್ತದಿದ್ದರೆ ರೂಮ್‌ಮೇಟ್‌ಗೆ, ಅವಳೂ ಎತ್ತದಿದ್ದರೆ ವಾರ್ಡನ್‌ಗೆ. ಕಾರಣ ಇಲ್ಲದೆ ಅಲ್ಲ. ಪಿಯುಸಿಯಲ್ಲಿ ಶಾಲಿನಿ ಇದ್ದ ಹಾಸ್ಟೆಲ್‌ನಲ್ಲಿ ಭಾನುವಾರ ಮಾತ್ರ ಫೋನ್. ಬುಧವಾರ ಶುರುವಾದ ಜ್ವರ ಅಮ್ಮನಿಗೆ ಗೊತ್ತಾಗಿದ್ದು ಭಾನುವಾರ. ಡೆಂಗಿ ಅಂತ ಆಮೇಲೆ ತಿಳಿಯಿತು. ಆ ನಾಲ್ಕು ದಿನ ಆ ತಾಯಿಯ ತಲೆಯಿಂದ ಇನ್ನೂ ಹೋಗಿಲ್ಲ.

ಮಗಳ ಲೆಕ್ಕ ಏನೆಂದರೆ, ಜರ್ಮನಿಗೆ ಹೋದರೆ ಇದು ತಾನಾಗೇ ನಿಲ್ಲುತ್ತದೆ. ನಿಲ್ಲುವುದಿಲ್ಲ. ವಾಟ್ಸಾಪ್‌ಗೆ ವೀಸಾ ಬೇಡ. ಅದನ್ನೇ ಅವಳಿಗೆ ಹೇಳಿದೆ. ಒಳಗೊಳಗೆ ಅವಳಿಗೂ ಗೊತ್ತಿತ್ತು, ನಿದ್ದೆ ಕೆಟ್ಟಿದ್ದೇ ಅದಕ್ಕೆ.

ಶಾಲಿನಿ ಒಪ್ಪಿದ ಮೇಲೆ ಅಮ್ಮನನ್ನು ಕರೆಸಿದೆ. ಮಗಳು ನನ್ನ ಹತ್ತಿರ ಆಡಿದ ಮಾತನ್ನು ನಾನು ಎತ್ತಲಿಲ್ಲ. ಅದು ನನ್ನ ಬಾಯಿಂದ ಬರಬಾರದ ಮಾತು. ಒಂದು ಹಾಳೆ ತೆಗೆದುಕೊಂಡು ಎರಡು ಗಡಿಯಾರ ಬರೆದೆ, ಒಂದು ಹಾಸನದ್ದು, ಒಂದು ಅಲ್ಲಿಯದ್ದು. ಅಲ್ಲಿ ಮೂರೂವರೆ ಗಂಟೆ ಹಿಂದೆ ಅಂತ ಹೇಳಿ, ಅಮ್ಮನ ಕೈಗೇ ಪೆನ್ ಕೊಟ್ಟೆ.

ಬೆಳಗಿನ ಆರು ಗಂಟೆಯ ಫೋನ್ ಅಲ್ಲಿ ರಾತ್ರಿ ಎರಡೂವರೆಗೆ ಹೊಡೆದುಕೊಳ್ಳುತ್ತದೆ. ಅಮ್ಮ ನಾಲಿಗೆ ಕಚ್ಚಿಕೊಂಡು ಅದನ್ನು ಹೊಡೆದು ಹಾಕಿದರು. ಒಂದು ಗಂಟೆಯದ್ದು ಅಲ್ಲಿ ಒಂಬತ್ತೂವರೆ. "ತಿಂಡಿ ಆಯ್ತಾ ಅನ್ಬೋದು." ರಾತ್ರಿ ಒಂಬತ್ತರದ್ದು ಅಲ್ಲಿ ಸಂಜೆ ಐದೂವರೆ. ಪೆನ್ ನಿಂತಿತು.

"ಐದೂವರೆಗೆ ಊಟ ಎಲ್ಲಿ ಆಗಿರುತ್ತೆ? ನೀನು ಊಟ ಮಾಡೋದು ಎಷ್ಟು ಹೊತ್ತಿಗೆ?"

"ಎಂಟು ಗಂಟೆ ಆಗ್ಬೋದಮ್ಮ."

ಬೆರಳು ಮಡಚಿ ಎಣಿಸಿದರು. ಹನ್ನೊಂದೂವರೆ. "ಅಂದ್ರೆ ಇವಳು ಊಟಕ್ಕೆ ಕೂರೋ ಹೊತ್ತಿಗೆ ನಾನು ಮಲಗಿಬಿಟ್ಟಿರ್ತೀನಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಎದ್ದಿರ್ತೀನಿ ಬಿಡಿ ಮೇಡಂ. ಆರು ತಿಂಗಳು ತಾನೇ."

ಆಗ ಶಾಲಿನಿ ಅಂದಳು: "ನೀನು ಎದ್ದು ಕೂತಿದೀಯ ಅಂತ ಗೊತ್ತಿದ್ರೆ ನಂಗೆ ಅನ್ನ ಇಳಿಯಲ್ಲಮ್ಮ. ಇಲ್ಲೂ ಇಳೀತಿಲ್ಲ."

ಮೂರು ವರ್ಷದಿಂದ ಆಡದ ಮಾತು ಅದು. ಅಮ್ಮ ಅತ್ತರು. ಮಗಳು ಅಳಲಿಲ್ಲ, ಟೇಬಲ್ ಮೇಲಿದ್ದ ನೀರಿನ ಬಾಟಲ್ ಅವರ ಕಡೆ ಸರಿಸಿದಳು.

ಸಲಹೆ ಅಂತ ಕೊಟ್ಟಿದ್ದು ಇಷ್ಟೇ. ದಿನಕ್ಕೆ ಒಂದು ಫೋನ್, ಅಲ್ಲಿನ ಸಂಜೆ ಐದೂವರೆಗೆ, ಅಂದರೆ ಇಲ್ಲಿನ ರಾತ್ರಿ ಒಂಬತ್ತಕ್ಕೆ, ಮಾಡುವವಳು ಮಗಳು. ರೂಮ್‌ಮೇಟ್ ನಂಬರ್, ಅಲ್ಲಿನ ಇಂಟರ್‌ನ್ಯಾಷನಲ್ ಆಫೀಸ್ ನಂಬರ್ ಅಮ್ಮನ ಹತ್ತಿರ ಇರಬೇಕು. ಆ ಹೊತ್ತು ದಾಟಿ ಇನ್ನೂ ಎರಡು ತಾಸು ಕಳೆದ ಮೇಲೆ ಮಾತ್ರ ಅವಕ್ಕೆ ಫೋನ್. ಮೈ ಹುಷಾರಿಲ್ಲದಿದ್ದರೆ ಅವತ್ತೇ ಹೇಳುವುದು ಮಗಳ ಹೊಣೆ, ಮುಚ್ಚಿಡುವ ಹಾಗಿಲ್ಲ. ಇದೆಲ್ಲ ಅಕ್ಟೋಬರ್‌ನಿಂದಲ್ಲ, ಬೆಂಗಳೂರಿನಲ್ಲಿ ಇರುವಾಗಲೇ, ಮಾರನೇ ದಿನದಿಂದ. ಇಲ್ಲಿ ಆಗದ್ದು ಅಲ್ಲಿ ಆಗುತ್ತದೆಂದು ನಾನು ನಂಬುವುದಿಲ್ಲ. ತಟ್ಟೆಯ ಫೋಟೋ ಕಳಿಸಲಿ ಅಂದರು ಅಮ್ಮ. ಬೇಡ ಅಂದೆ. ಅದು ಊಟ ಆಯ್ತಾ ಅನ್ನುವ ಪ್ರೀತಿ ಅಲ್ಲ, ಹಾಜರಿ ಪುಸ್ತಕ.

ತಾಯಿ ಮಗಳ ನಡುವೆ ಟೈಂಟೇಬಲ್ ಹಾಕುವುದು ಎಂಥ ಕೌನ್ಸೆಲಿಂಗ್ ಅಂತ ಸ್ಟಾಫ್‌ರೂಮಿನಲ್ಲಿ ಒಬ್ಬರು ಅಂದರು. ಫೋನ್ ಸೈಲೆಂಟ್ ಮಾಡು ಅಂತ ಹುಡುಗಿಗೆ ಗುಟ್ಟಾಗಿ ಹೇಳಿದ್ದರೆ ಎರಡೇ ನಿಮಿಷದ ಕೆಲಸ, ನನಗೂ ಗೊತ್ತು. ಹಾಗೆ ಹೇಳಿದ್ದರೆ ಆ ನಾಲ್ಕು ದಿನವನ್ನು ಮತ್ತೆ ಆ ತಾಯಿಯ ಕೈಗೆ ಕೊಟ್ಟ ಹಾಗೆ ಆಗುತ್ತಿತ್ತು. ಮಕ್ಕಳ ಸ್ವಾತಂತ್ರ್ಯ ಅಂತ ನಾವು ಜೋರಾಗಿ ಮಾತಾಡುತ್ತೇವೆ. ಅದರ ಖರ್ಚನ್ನು ಮನೆಯಲ್ಲಿ ಯಾರು ಭರಿಸುತ್ತಾರೆ ಅಂತಲೂ ನೋಡಬೇಕಲ್ಲ.

ಎಲ್ಲ ಸಲೀಸಾಗಿ ಆಗಲಿಲ್ಲ. ಮೊದಲೆರಡು ವಾರ ಅಮ್ಮನ ಉಳಿದ ಮೂರು ಫೋನ್ ನನಗೇ ಬರುತ್ತಿದ್ದವು.

ಇನ್ನೊಂದು ತಪ್ಪು ಪೂರ್ತಿ ನನ್ನದು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ, ಆಮೇಲೆ ವ್ಯತ್ಯಾಸ ನಾಲ್ಕೂವರೆ ಗಂಟೆ. ನನ್ನ ಹಾಳೆಯಲ್ಲಿ ಅದು ಇರಲಿಲ್ಲ. ಅವತ್ತು ಒಂಬತ್ತಕ್ಕೆ ಬರಬೇಕಿದ್ದ ಫೋನ್ ಬಂದಿದ್ದು ಹತ್ತಕ್ಕೆ.

ಸೋಮವಾರ ಅಮ್ಮ ನನಗೆ ಫೋನ್ ಮಾಡಿದರು. ಬೈಗುಳಕ್ಕೆ ತಯಾರಾಗಿಯೇ ಎತ್ತಿದೆ.

"ಒಂದು ಗಂಟೆ ಸುಮ್ನೆ ಕೂತಿದ್ದೆ ಮೇಡಂ," ಅಂದರು. "ಯಾರಿಗೂ ಮಾಡ್ಲಿಲ್ಲ."