ಎಲ್ಲಾ ‘ಗೆಟ್’ಗೂ ‘ಒಬ್ತೇರ್’ ಹಾಕಬ್ಯಾಡ್ರಿ

ನೀವು ಇಂಗ್ಲಿಷಿನಿಂದ ಪೋರ್ಚುಗೀಸಿಗೆ ತಿರುಗಿಸಿ ಬರೆದ ಪತ್ರ ಬ್ರೆಜಿಲ್‌ನವರಿಗೆ ಯಾಕ ತಿಳೀಲಿಲ್ಲ ಅಂತ ಕೇಳೀರಿ. ಕಾರಣ, ಇಂಗ್ಲಿಷಿನ ‘ಗೆಟ್’ ಬಂದಲ್ಲೆಲ್ಲಾ ‘ಒಬ್ತೇರ್’ (ಪಡೆಯೋದು) ಒಂದನ್ನೇ ಹಾಕಿದ್ದು ಇರಬೇಕು. ನಮ್ಮ ರಾಯಚೂರು ಕಡೆ ‘ಹತ್ತು’ ನೋಡ್ರಿ: ಬಸ್ ಹತ್ತಿದ, ನಿದ್ದಿ ಹತ್ತಿತು, ಮಳಿ ಬರಾಕ ಹತ್ತೈತಿ. ಮೂರಕ್ಕೂ ಒಂದೇ ಇಂಗ್ಲಿಷ್ ಪದ ಸಾಲೋದಿಲ್ಲ. ‘ಗೆಟ್’ ಕೂಡ ಹಂಗೇ.

ಮೊದಲು ವಾಕ್ಯವನ್ನ ಕನ್ನಡದಾಗ ಹೇಳಿಕೊಳ್ರಿ. ‘ಪತ್ರ ಬಂತು’ ಅಂತಿದ್ರೆ ‘ರೆಸೆಬೇರ್’, ‘ಸುಸ್ತಾತು’ ಅಂತಿದ್ರೆ ‘ಫಿಕಾರ್ ಕನ್ಸಾದು’. ಮನಿ ಮುಟ್ಟಿದ್ದಕ್ಕೆ ‘ಶೆಗಾರ್’, ಮಾತು ತಿಳಿದಿದ್ದಕ್ಕೆ ‘ಎಂತೆಂದೇರ್’. ಆಮೇಲೆ ಯಾರು, ಯಾವಾಗ ಅನ್ನೋದಕ್ಕೆ ತಕ್ಕಂಗ ಕ್ರಿಯಾಪದದ ರೂಪ ಬದಲಿಸೋದು ಮರೀಬ್ಯಾಡ್ರಿ: ‘ನನಗೆ ಪತ್ರ ಬಂತು’ ಅನ್ನೋದು ‘ರೆಸೆಬಿ ಅ ಕಾರ್ತ’ ಆಗ್ತದ.

‘ಟಿಕೆಟ್ ಸಿಕ್ತು’ ಅನ್ನೋ ನಿಮ್ಮ ವಾಕ್ಯ ಮಾತ್ರ ಎರಡೂ ಕಡೆ ವಾಲ್ತದ. ಯಾರಾದ್ರೂ ಕಳಿಸಿದ್ದಾದ್ರೆ ‘ರೆಸೆಬೇರ್’, ನೀವೇ ಓಡಾಡಿ ಗಿಟ್ಟಿಸಿದ್ದಾದ್ರೆ ‘ಕೊನ್ಸೆಗೀರ್’ ಹಾಕ್ರಿ.